ಬೇಗ ಸಿಕ್ಕ ನಕ್ಷೆ, ಯಾರೂ ಅಳೆಯದ ಪಾಯ

ಬೆಂಗಳೂರಿನಲ್ಲಿ ಮನೆ ಇಷ್ಟು ದುಬಾರಿ ಏಕೆಂದು ಯಾರನ್ನಾದರೂ ಕೇಳಿ, ಉತ್ತರ ಸಿದ್ಧವಾಗಿರುತ್ತದೆ: ಪಾಲಿಕೆಯಲ್ಲಿ ಕಡತ ಅಲ್ಲಾಡುವುದಿಲ್ಲ, ಪ್ಲಾನ್ ಸ್ಯಾಂಕ್ಷನ್‌ಗೆ ಅಲೆದು ಚಪ್ಪಲಿ ಸವೆಯುತ್ತದೆ, ಆ ವಿಳಂಬದ ಬಡ್ಡಿಯೆಲ್ಲ ಕೊನೆಗೆ ಕೊಳ್ಳುವವನ ತಲೆಗೆ. ಆದ್ದರಿಂದ ಅನುಮತಿ ಬೇಗ ಕೊಡಿ, ಏಕಗವಾಕ್ಷಿ ಮಾಡಿ, ಇಂತಿಷ್ಟು ದಿನದಲ್ಲಿ ಉತ್ತರ ಬರದಿದ್ದರೆ ಮಂಜೂರಾಯಿತೆಂದೇ ಎಣಿಸಿ. ಅಲೆದಾಟದ ಸಂಕಟ ಸುಳ್ಳಲ್ಲ. ಆದರೆ ರೋಗ ಇರುವ ಜಾಗ ಅದಲ್ಲ ಎಂಬುದು ನನ್ನ ವಾದ.

ಸರ್ಕಾರ ಈ ಬೇಡಿಕೆಗೆ ಕಿವಿಗೊಟ್ಟಾಗಿದೆ. 2024ರಲ್ಲಿ ಬಿಬಿಎಂಪಿ ‘ನಂಬಿಕೆ ನಕ್ಷೆ’ ತಂದಿತು. 50x80 ಅಡಿವರೆಗಿನ ನಿವೇಶನದಲ್ಲಿ ನಾಲ್ಕು ಮನೆಗಳವರೆಗಿನ ಕಟ್ಟಡಕ್ಕೆ ನೋಂದಾಯಿತ ಆರ್ಕಿಟೆಕ್ಟ್ ಅಥವಾ ಎಂಜಿನಿಯರ್ ಆನ್‌ಲೈನಿನಲ್ಲಿ ನಕ್ಷೆ ಸಲ್ಲಿಸಿದರೆ ತಾತ್ಕಾಲಿಕ ಮಂಜೂರಾತಿ ಕೂಡಲೇ ಸಿಗುತ್ತದೆ, ಪರಿಶೀಲನೆ ಆಮೇಲೆ. ತೆಲಂಗಾಣ 2020ರಲ್ಲೇ ಇಂಥದೊಂದು ಸ್ವಯಂ ದೃಢೀಕರಣದ ಕಾಯ್ದೆ ಮಾಡಿತ್ತು. ಸಣ್ಣ ಮನೆ ಕಟ್ಟುವವರನ್ನು ಕಚೇರಿಯ ಮೆಟ್ಟಿಲು ಹತ್ತಿಸದಿರುವುದು ಒಳ್ಳೆಯದೇ. ನನ್ನ ಚಿಂತೆಯೆಲ್ಲ ಆಮೇಲಿನ ಪರಿಶೀಲನೆಯ ಬಗ್ಗೆ.

ಯಾವುದಾದರೂ ಹೊಸ ಬಡಾವಣೆಯಲ್ಲಿ 30x40 ಸೈಟಿನ ಮುಂದೆ ನಿಂತು ನೋಡಿ. ನಕ್ಷೆಯಲ್ಲಿ ಮನೆಗೂ ಕಾಂಪೌಂಡಿಗೂ ನಡುವೆ ಸೆಟ್‌ಬ್ಯಾಕ್ ಬಿಟ್ಟಿರುತ್ತಾರೆ. ಎದ್ದ ಕಟ್ಟಡದಲ್ಲಿ ಕೈ ಚಾಚಿದರೆ ಪಕ್ಕದ ಮನೆಯ ಕಿಟಕಿ ಸಿಗುತ್ತದೆ. ಮೊದಲ ಮಹಡಿಯಿಂದ ಮೇಲಕ್ಕೆ ಗೋಡೆಯೇ ರಸ್ತೆಯತ್ತ ಚಾಚಿ ವಿದ್ಯುತ್ ತಂತಿಯ ಸಮೀಪ ಬಂದಿರುತ್ತದೆ. ಕಾರು ನಿಲ್ಲಿಸಲೆಂದು ತೋರಿಸಿದ ನೆಲಮಹಡಿಗೆ ರೋಲಿಂಗ್ ಶಟರ್ ಬಿದ್ದು ಅಂಗಡಿಯಾಗಿರುತ್ತದೆ. ಮಂಜೂರಾದ ನಕ್ಷೆ ಬೇಕಿದ್ದದ್ದು ಬ್ಯಾಂಕಿನವರಿಗೆ. ಸಾಲದ ಫೈಲಿಗೊಂದು ನಕ್ಷೆ, ಮೇಸ್ತ್ರಿಯ ಕೈಗೊಂದು ನಕ್ಷೆ. ಮೊದಲನೆಯದನ್ನು ಮೂರು ತಿಂಗಳಿಗೆ ಕೊಟ್ಟರೂ ಅಷ್ಟೆ, ಮೂರು ನಿಮಿಷಕ್ಕೆ ಕೊಟ್ಟರೂ ಅಷ್ಟೆ, ಮೇಸ್ತ್ರಿ ಕಟ್ಟುವುದು ಎರಡನೆಯದನ್ನೇ.

2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಇನ್ನೂ ಕಟ್ಟುತ್ತಿದ್ದ ಕಟ್ಟಡವೊಂದು ಕುಸಿಯಿತು. ಹೊಟ್ಟೆಪಾಡಿಗೆ ಬಂದಿದ್ದ ಕಾರ್ಮಿಕರು ಅವಶೇಷದಡಿ ಸತ್ತರು. ಅನುಮತಿಗಿಂತ ಹೆಚ್ಚಿನ ಮಹಡಿಗಳು ಅಲ್ಲಿ ಎದ್ದಿದ್ದವು. ಒಂದು ಮಹಡಿಗೆ ಸೆಂಟ್ರಿಂಗ್ ಕಟ್ಟಿ, ಕಂಬಿ ಹೆಣೆದು, ಕಾಂಕ್ರೀಟ್ ಹಾಕಿ, ನೀರುಣಿಸಿ ಮುಗಿಸಲು ವಾರಗಳೇ ಬೇಕು. ಇದೆಲ್ಲ ಹಾಡಹಗಲೇ, ಬೀದಿಯಲ್ಲಿ ಹೋಗುವವರ ಕಣ್ಣೆದುರಿಗೇ ನಡೆಯುವ ಕೆಲಸ. ಅದನ್ನು ಯಾರೂ ನಿಲ್ಲಿಸಲಿಲ್ಲ ಎಂಬುದು ನನ್ನನ್ನು ಕಾಡುತ್ತದೆ. ಅನುಮತಿ ತಡವಾಗಿ ಸತ್ತವರಲ್ಲ ಅವರು.

ವಿಳಂಬ ಹೋದರೆ ಲಂಚವೂ ಹೋಗುತ್ತದೆ ಎನ್ನುವವರಿದ್ದಾರೆ. ಲಂಚ ಹೋಗುವುದಿಲ್ಲ, ಮೇಜು ಬದಲಿಸುತ್ತದೆ. ನಕ್ಷೆ ಮೀರಿ ಒಂದು ಮಹಡಿ ಏರಿಸಿದ ಮಾಲೀಕ ಆ ದಿನದಿಂದಲೇ ಪಾಲಿಕೆಯ ಸ್ಥಳೀಯ ಎಂಜಿನಿಯರಿನ ಕೈದಿ. ನೋಟಿಸ್ ಕೊಡದಿರಲೊಂದು ದರ, ಕೊಟ್ಟ ನೋಟಿಸ್ ಮರೆಯಲೊಂದು ದರ. ಸಕ್ರಮದ ಆಸೆಯಂತೂ ಇದ್ದೇ ಇದೆ. ಅಕ್ರಮ-ಸಕ್ರಮಕ್ಕೆ ಕಾನೂನು ತಿದ್ದಿದ್ದು 2007ರಲ್ಲಿ, ನಿಯಮ ಬಂದದ್ದು 2014ರಲ್ಲಿ, ಸುಪ್ರೀಂ ಕೋರ್ಟ್ ತಡೆ ಕೊಟ್ಟದ್ದು 2017ರಲ್ಲಿ. ಇಷ್ಟು ವರ್ಷವೂ ನಗರ ಕಲಿತದ್ದು ಒಂದೇ: ಮೊದಲು ಕಟ್ಟು, ಆಮೇಲೆ ನೋಡಿಕೊಳ್ಳೋಣ. ಕಾಯ್ದೆಯಂತೆ ಮೂರಡಿ ಬಿಟ್ಟು ಒಂದು ಕೋಣೆ ಕಳೆದುಕೊಂಡವರಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಇಲ್ಲ.

2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ಪ್ರಕರಣವೊಂದರ ತೀರ್ಪಿನಲ್ಲಿ ದೇಶಕ್ಕೆಲ್ಲ ಅನ್ವಯಿಸುವ ನಿರ್ದೇಶನ ಕೊಟ್ಟಿತು. ಮಂಜೂರಾದ ನಕ್ಷೆಯನ್ನು ಕಟ್ಟುವ ಜಾಗದಲ್ಲೇ ಪ್ರದರ್ಶಿಸಬೇಕು, ಅಧಿಕಾರಿಗಳು ಆಗಾಗ ಬಂದು ನೋಡಬೇಕು, ಸ್ವಾಧೀನಾನುಭವ ಪತ್ರ (ಓಸಿ) ಇಲ್ಲದೆ ಕರೆಂಟು, ನೀರು ಕೊಡಬಾರದು. ನಮ್ಮಲ್ಲಿ ಕೊನೆಯದು ಮಾತ್ರ ಜನರಿಗೆ ತಟ್ಟಿತು. ಗೃಹಪ್ರವೇಶಕ್ಕೆ ಸಿದ್ಧವಾದ ಮನೆಗಳಿಗೆ ಮೀಟರು ಸಿಗದೆ ಗೋಳಾದಾಗ 2025ರಲ್ಲಿ ಸರ್ಕಾರ 1,200 ಚದರಡಿವರೆಗಿನ ನಿವೇಶನಗಳಿಗೆ ಓಸಿಯಿಂದಲೇ ವಿನಾಯಿತಿ ಕೊಡಲು ಹೊರಟಿತು. ಕಷ್ಟದಲ್ಲಿದ್ದವರಿಗೆ ಉಸಿರಾಡುವಂತಾಯಿತು, ನಿಜ. ಆದರೆ ಮೊದಲ ಬಾಗಿಲನ್ನು ನಂಬಿಕೆಯ ಮೇಲೆ ತೆರೆದು ಕೊನೆಯ ಬಾಗಿಲನ್ನು ಕಿತ್ತೇ ಹಾಕಿದರೆ, ನಡುವೆ ಕಟ್ಟಡವನ್ನು ಕಾಣುವವರು ಯಾರು?

ದೊಡ್ಡ ಅಪಾರ್ಟ್‌ಮೆಂಟುಗಳ ಕಡತ ತಡವಾಗುವುದಕ್ಕೆ ಕಾರಣವೇ ಬೇರೆ. ಜಲಮಂಡಳಿ, ಅಗ್ನಿಶಾಮಕ, ಮಾಲಿನ್ಯ ನಿಯಂತ್ರಣ ಮಂಡಳಿ, ಬೆಸ್ಕಾಂ ಎಂದು ಅದು ಊರೆಲ್ಲ ಸುತ್ತುತ್ತದೆ. ಎಲ್ಲಿ ಎಷ್ಟು ಮನೆಗೆ ನೀರಿದೆ, ರಾಜಕಾಲುವೆ ಎಲ್ಲಿ ಹರಿಯುತ್ತದೆ ಎಂಬುದು ಮೊದಲೇ ತೀರ್ಮಾನವಾಗಿಲ್ಲವಾದ್ದರಿಂದ ಪ್ರತಿ ಕಡತವೂ ಅದನ್ನು ಹೊಸದಾಗಿ ಕೇಳಬೇಕು. ನಗರಕ್ಕೆ ಇಂದಿಗೂ ಆಧಾರವಾಗಿರುವುದು 2007ರಲ್ಲಿ ಜಾರಿಗೆ ಬಂದ, 2015ಕ್ಕೆಂದು ರೂಪಿಸಿದ ಮಹಾಯೋಜನೆ. 2031ರ ಕರಡು 2017ರಲ್ಲಿ ಹೊರಬಂದು ಆಮೇಲೆ ವಾಪಸಾಯಿತು. ಗುಮಾಸ್ತನನ್ನು ಅವಸರಿಸಿದರೆ ಈ ಕೊರತೆ ತುಂಬುವುದಿಲ್ಲ.

ನಕ್ಷೆ ಕೂಡಲೇ ಕೊಡಿ, ನನ್ನ ತಕರಾರಿಲ್ಲ. ಆದರೆ ಅದರಿಂದ ಪಾಲಿಕೆಯ ಎಂಜಿನಿಯರುಗಳಿಗೆ ಉಳಿದ ಸಮಯ ಪಾಯದ ಹತ್ತಿರ ವಿನಿಯೋಗವಾಗಬೇಕು. ಪಾಯ ಗುರುತು ಹಾಕಿದ ದಿನ ಟೇಪು ಹಿಡಿದು ಅಳೆದರೆ, ತಪ್ಪಿದ್ದರೂ ಸುಣ್ಣದ ಗೆರೆ ಅಳಿಸಿ ಬೇರೆ ಎಳೆದರೆ ಮುಗಿಯಿತು. ನಾಲ್ಕನೇ ಮಹಡಿ ಎದ್ದ ಮೇಲೆ ತಿದ್ದಬೇಕೆಂದರೆ ಜೆಸಿಬಿ ಬರಬೇಕು, ಇಲ್ಲವೇ ಕೋರ್ಟು. ಅಳತೆಯ ವಿವರ, ಅಳೆದವರ ಹೆಸರು, ಅಂದಿನ ಫೋಟೊ ಇಷ್ಟನ್ನೂ ನಕ್ಷೆಯ ಜೊತೆಗೆ ಸಾರ್ವಜನಿಕರ ಮುಂದಿಡಲಿ, ಪಕ್ಕದ ಮನೆಯವರೂ ನೋಡಲಿ. ಇನ್ನು ಬಿಬಿಎಂಪಿಯ ಜಾಗಕ್ಕೆ ಬಂದ ಹೊಸ ಐದು ಪಾಲಿಕೆಗಳು ಎಷ್ಟು ನಕ್ಷೆ ಎಷ್ಟು ಬೇಗ ಕೊಟ್ಟೆವೆಂದು ಹೇಳುವಾಗ, ಅವುಗಳಲ್ಲಿ ನಕ್ಷೆಯಂತೆಯೇ ಎದ್ದ ಕಟ್ಟಡಗಳೆಷ್ಟು ಎಂಬ ಲೆಕ್ಕವನ್ನೂ ಅದೇ ಪುಟದಲ್ಲಿ ಕೊಡಬೇಕು.