ಫಾರ್ದರ್ ತಪ್ಪು, ಫರ್ದರ್ ಸರಿ?

ಗಸ್ ವ್ಯಾನ್ ಸ್ಯಾಂಟ್ ನಿರ್ದೇಶಿಸಿದ ‘ಫೈಂಡಿಂಗ್ ಫಾರೆಸ್ಟರ್’ (2000) ಸಿನಿಮಾದಲ್ಲಿ ವ್ಯಾಕರಣಕ್ಕೆ ಶಿಳ್ಳೆ ಬೀಳುವಂಥ ಒಂದು ದೃಶ್ಯವಿದೆ. ಬ್ರಾಂಕ್ಸ್‌ನ ಕಪ್ಪು ಹುಡುಗ ಜಮಾಲ್ ಸಿರಿವಂತರ ಖಾಸಗಿ ಶಾಲೆಗೆ ಸೇರಿದ್ದಾನೆ. ಅವನ ಬರವಣಿಗೆ ಅವನದೇ ಎಂದು ನಂಬಲು ಇಂಗ್ಲಿಷ್ ಮೇಷ್ಟ್ರು ಕ್ರಾಫರ್ಡ್‌ಗೆ ಮನಸ್ಸಿಲ್ಲ. ನಿನ್ನ ಜಾಣ್ಮೆ ಬ್ಯಾಸ್ಕೆಟ್‌ಬಾಲ್‌ನಿಂದ ಆಚೆಗೂ ಚಾಚಿದೆಯೇನೋ ಎಂದು ತರಗತಿಯಲ್ಲಿ ಕೊಂಕು ನುಡಿಯುವಾಗ ಮೇಷ್ಟ್ರು ‘ಫಾರ್ದರ್’ ಅನ್ನುತ್ತಾರೆ. ಹುಡುಗ ಅಲ್ಲೇ ತಿದ್ದುತ್ತಾನೆ: ಫಾರ್ದರ್ ದೂರಕ್ಕೆ, ಪ್ರಮಾಣಕ್ಕಾದರೆ ಫರ್ದರ್. ಮೇಷ್ಟ್ರಿಗೆ ಮುಖಭಂಗ.

ನೋಡುವವರು ಹುಡುಗನ ಪಕ್ಷ, ಅದು ಸಹಜ. ಆದರೆ ತೀರ್ಪು ಕೊಡುವ ಮೊದಲು ಆ ವಾಕ್ಯವನ್ನೊಮ್ಮೆ ನೋಡಿ. ಜಾಣ್ಮೆ ‘ಚಾಚುವುದು’ ಎಂದಾಗಲೇ ಮಾತು ಜಾಗದ ಲೆಕ್ಕಕ್ಕೆ ಇಳಿದಿದೆ. ಇಲ್ಲಿಂದ ಅಲ್ಲಿಗೆ ಎಂಬ ಅಳತೆಯನ್ನು ರೂಪಕವೇ ತಂದು ಕೂರಿಸಿದ ಮೇಲೆ ದೂರದ ಪದ ಬಂದರೆ ಅದನ್ನು ಅಪರಾಧ ಎನ್ನಲು ನನಗಂತೂ ಬಾಯಿ ಬಾರದು. ಕ್ರಾಫರ್ಡ್‌ನ ತಪ್ಪು ಅಸೂಯೆ. ವ್ಯಾಕರಣದ ವಿಷಯದಲ್ಲಿ ಆತನಿಗೆ ಜಾಮೀನು ಸಿಗಬೇಕಿತ್ತು.

ಹುಡುಗ ಹೇಳಿದ ನಿಯಮ ಅಮೆರಿಕದ್ದು. ಸ್ಟ್ರಂಕ್ ಮತ್ತು ವೈಟ್ ಅವರ ‘ದಿ ಎಲಿಮೆಂಟ್ಸ್ ಆಫ್ ಸ್ಟೈಲ್’ ಇದನ್ನೇ ಕಲಿಸುತ್ತದೆ. ಅಸೋಸಿಯೇಟೆಡ್ ಪ್ರೆಸ್‌ನ ಶೈಲಿ ಕೈಪಿಡಿಯೂ ಅಷ್ಟೆ. ಸ್ಟ್ರಂಕ್–ವೈಟ್ ಜೋಡಿ ಜನ ಇವೆರಡನ್ನೂ ಅದಲು ಬದಲು ಬಳಸುತ್ತಾರೆಂದು ಮೊದಲೇ ಒಪ್ಪಿಕೊಂಡು, ವ್ಯತ್ಯಾಸ ಉಳಿಸಿಕೊಂಡರೆ ಒಳ್ಳೆಯದು ಎಂದಷ್ಟೇ ಹೇಳಿತು. ಸಲಹೆ ಶಾಸನವಾದದ್ದು ಆಮೇಲೆ. ಬ್ರಿಟನ್ನಿನ ಫೌಲರ್ 1926ರ ತಮ್ಮ ಬಳಕೆಯ ಕೋಶದಲ್ಲಿ ಇಂಥ ಹಂಚಿಕೆಯನ್ನೇ ನಂಬಲಿಲ್ಲ. ಹೆಚ್ಚಿನವರು ಒಂದನ್ನು ಹಿಡಿದು ಎಲ್ಲದಕ್ಕೂ ಅದನ್ನೇ ಬಳಸುತ್ತಾರೆ, ಬಹುಮತ ಫರ್ದರ್ ಕಡೆಗಿದೆ ಎಂಬುದು ಅವರ ಅಭಿಪ್ರಾಯ. ಇಂದಿಗೂ ಬ್ರಿಟಿಷರು ದೂರಕ್ಕೂ ಫರ್ದರ್ ಅನ್ನುವುದೇ ಹೆಚ್ಚು.

ಪದಗಳ ವಂಶಾವಳಿಯೂ ನಿಯಮದ ಪರವಾಗಿಲ್ಲ. ಹಿರಿಯದು ಫರ್ದರ್: ಹಳೆಯ ಇಂಗ್ಲಿಷಿನ ಕಾಲದ್ದು, ‘ಫೋರ್ತ್’ (forth) ಎಂಬ ಪದದ ನೆಂಟ, ‘ಇನ್ನೂ ಮುಂದೆ’ ಎಂಬುದು ಮೂಲಾರ್ಥ. ಫಾರ್ದರ್ ಅದರದ್ದೇ ಉಚ್ಚಾರ ಬದಲಾದ ರೂಪವಾಗಿ ಮಧ್ಯಕಾಲದ ಇಂಗ್ಲಿಷಿನಲ್ಲಿ ಹುಟ್ಟಿತು. ‘ಫಾರ್’ಗೆ ‘ಫಾರರ್’ ಎಂಬ ಸ್ವಂತ ತರತಮ ರೂಪವೇ ಇತ್ತು. ಅದು ಬಳಕೆ ತಪ್ಪಿ, ಆ ಜಾಗಕ್ಕೆ ಈ ಇಬ್ಬರೂ ಬಂದು ಕೂತರು. ಫಾರ್ದರ್ ಒಳಗೆ ‘ಫಾರ್’ ಎದ್ದು ಕಾಣುವುದರಿಂದ ದೂರಕ್ಕೆ ಅದೇ ಹಕ್ಕುದಾರ ಎಂದು ಕಿವಿಗೆ ಅನ್ನಿಸುತ್ತದೆ. ಅನ್ನಿಸಿದ್ದೇ ಕಾಲಕ್ರಮದಲ್ಲಿ ನಿಯಮವಾಯಿತು.

ನಿಯಮ ತಬ್ಬಿಬ್ಬಾಗುವ ಜಾಗಗಳೂ ಇವೆ. ದೈತ್ಯರ ಹೆಗಲ ಮೇಲೆ ನಿಂತು ಹೆಚ್ಚು ದೂರ ಕಂಡೆ ಎಂದು ನ್ಯೂಟನ್ ರಾಬರ್ಟ್ ಹುಕ್‌ಗೆ ಬರೆದ ಪತ್ರದಲ್ಲಿರುವುದು ಫರ್ದರ್. ಹೆಗಲು, ಕಣ್ಣು, ಕಾಣುವುದು ಎಲ್ಲವೂ ಜಾಗಕ್ಕೆ ಸೇರಿದ್ದು, ಹೇಳುತ್ತಿರುವುದು ಮಾತ್ರ ಜ್ಞಾನದ ವಿಷಯ. ಯಾವ ಖಾನೆಗೆ ಹಾಕುತ್ತೀರಿ? 1964ರಲ್ಲಿ ಕಾದಂಬರಿಕಾರ ಕೆನ್ ಕೀಸಿಯ ಗೆಳೆಯರ ತಂಡ ಹಳೆಯ ಶಾಲಾ ಬಸ್ಸಿಗೆ ಬಣ್ಣ ಬಳಿದು ಕ್ಯಾಲಿಫೋರ್ನಿಯದಿಂದ ನ್ಯೂಯಾರ್ಕಿಗೆ ಹೊರಟಾಗ, ಊರಿನ ಹೆಸರಿರಬೇಕಾದ ಬೋರ್ಡಿನಲ್ಲಿ ಬರೆದಿದ್ದೂ ಫರ್ದರ್. ಅದರಲ್ಲೂ ಮೊದಲು ಸ್ಪೆಲಿಂಗ್ ತಪ್ಪು! ಸಾವಿರಾರು ಮೈಲಿ ಓಡುವ ಬಸ್ಸಿಗೆ ಫಾರ್ದರ್ ಎಂದಿದ್ದರೆ ಹೆಸರು ಸಪ್ಪೆಯಾಗುತ್ತಿತ್ತು.

ಹಾಗಂತ ನಿಯಮ ಪೂರಾ ಸುಳ್ಳಲ್ಲ. ‘ಹೆಚ್ಚಿನ’, ‘ಮುಂದಿನ’ ಎಂಬ ಅರ್ಥದಲ್ಲಿ ಈಗಿನ ಇಂಗ್ಲಿಷ್ ಫಾರ್ದರ್ ಅನ್ನು ಹತ್ತಿರಕ್ಕೂ ಬಿಟ್ಟುಕೊಳ್ಳುವುದಿಲ್ಲ. ಮುಂದಿನ ಆದೇಶ, ಹೆಚ್ಚಿನ ತನಿಖೆ, ಇನ್ನಷ್ಟು ವಿವರ ಎಲ್ಲಕ್ಕೂ ಫರ್ದರ್. ಒಂದು ಉದ್ದೇಶವನ್ನು ಮುಂದಕ್ಕೆ ಒಯ್ಯುವುದು ಎಂಬ ಕ್ರಿಯಾಪದವೂ ಅದೇ, ‘ಫರ್ದರ್‌ಮೋರ್’ ಅಂತೂ ಒಂಟಿ ಪದ. ಫರ್ದರ್ ದೂರದ ಅಂಗಳದಲ್ಲಿ ಸಲೀಸಾಗಿ ಓಡಾಡುತ್ತದೆ; ಈ ಕಡೆಯ ಹೊಸ್ತಿಲು ದಾಟಲು ಫಾರ್ದರ್‌ಗೆ ಅನುಮತಿಯಿಲ್ಲ. ಗಡಿ ಇರುವುದು ಒಂದೇ ಕಡೆಯಿಂದ. ಎರಡು ಕಡೆಯೂ ಬೇಲಿ ಎಂದು ಬಗೆದದ್ದೇ ಈ ನಿಯಮದ ದೋಷ.

ನಮ್ಮ ಶಾಲೆಗಳಿಗೆ ಈ ಪಾಠ ಬಂದದ್ದು ಬಹುಮಟ್ಟಿಗೆ ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಪುಸ್ತಕದ ಮೂಲಕ. ಹಳೆಯ ಮುದ್ರಣ ಫಾರ್ದರ್ ಎಂದರೆ ಹೆಚ್ಚು ದೂರ, ಫರ್ದರ್ ಎಂದರೆ ಹೆಚ್ಚುವರಿ ಎಂದು ಸೀಳಿ ಹೇಳುತ್ತಿತ್ತು. ಪರಿಷ್ಕೃತ ಆವೃತ್ತಿ ಸುಧಾರಿಸಿಕೊಂಡು, ದೂರಕ್ಕೆ ಎರಡೂ ನಡೆಯುತ್ತವೆ, ಹೆಚ್ಚುವರಿ ಎಂಬರ್ಥಕ್ಕೆ ಫರ್ದರ್ ಮಾತ್ರ ಎಂದಿತು. ಮೂರು ಸಾಲಿನ ಆ ತಿದ್ದುಪಡಿ ಫೌಲರನ ಅನುಮಾನಕ್ಕಿಂತಲೂ ಸ್ಟ್ರಂಕ್‌ನ ಸಲಹೆಗಿಂತಲೂ ಕೆಲಸಕ್ಕೆ ಬರುವಂಥದ್ದು. ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳು ಮಾತ್ರ ಹಳೆಯ ಮುದ್ರಣವನ್ನೇ ಬಾಯಿಪಾಠ ಮಾಡಿಸುತ್ತವೆ. ಮೈಸೂರಿನಿಂದ ಮಡಿಕೇರಿಗಿಂತ ಮಂಗಳೂರು ದೂರ ಎಂಬ ವಾಕ್ಯದಲ್ಲಿ ಬಿಟ್ಟ ಸ್ಥಳ ಕೊಟ್ಟು, ಫರ್ದರ್ ಬರೆದವರ ಅಂಕ ಕತ್ತರಿಸಿದರೆ ಕೀ ಉತ್ತರವೇ ತಪ್ಪು. ಪರೀಕ್ಷಿಸಲೇಬೇಕೆಂದಿದ್ದರೆ ‘ಮುಂದಿನ ಆದೇಶದವರೆಗೆ’ ಎಂಬಂಥ ವಾಕ್ಯ ಕೊಡಲಿ. ಅಲ್ಲಿ ಎರಡನೆಯ ಉತ್ತರಕ್ಕೆ ಜಾಗವೇ ಇಲ್ಲ.