ಸೈಲೆನ್ಸರ್ ಬದಲಿಸಿ, ಕ್ಯಾಟ್ ಮುಟ್ಟಬೇಡಿ

ಕಾರಿನ ದನಿಯ ಮೇಲೆ ಪ್ರೀತಿ ಇರುವವರನ್ನು ನಾನು ಹಗುರಾಗಿ ಕಾಣುವುದಿಲ್ಲ. ಎಂಜಿನ್ನಿನ ಒಳಗೆ ನಡೆಯುವುದು ನಮ್ಮ ಕಿವಿಗೆ ಮುಟ್ಟುವುದು ಬಹುಪಾಲು ಎಗ್ಸಾಸ್ಟ್ ಎಂಬ ಒಂದು ಕೊಳವೆಯಿಂದಲೇ. ಯಾದಗಿರಿ, ಶಹಾಪುರ, ಸುರಪುರದ ಕಡೆಯಿಂದ ಸೈಲೆನ್ಸರ್ ಬದಲಿಸುವ ಬಗ್ಗೆ ಕೇಳುವವರು ಹೆಚ್ಚಾಗುತ್ತಿದ್ದಾರೆ. ನಮಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಅಲ್ಲಿಂದ ಸ್ಟೀಲ್ ಸೈಲೆನ್ಸರ್ ತಂದು ಮನೆಯ ಅಂಗಳದಲ್ಲೇ ಕೂಡಿಸಬಹುದೇ ಎಂಬುದು ಪ್ರಶ್ನೆ. ಕೂಡಿಸಬಹುದು. ಆದರೆ ಯಾವ ಭಾಗವನ್ನು, ಎಲ್ಲಿಂದ ಆಚೆಗೆ ಎಂಬುದನ್ನು ಮೊದಲು ತೀರ್ಮಾನ ಮಾಡಿಕೊಳ್ಳಬೇಕು.

ಎಂಜಿನ್ನಿನಿಂದ ಹೊರಟ ಹೊಗೆ ಮೊದಲು ಮ್ಯಾನಿಫೋಲ್ಡಿಗೆ, ಅಲ್ಲಿಂದ ಕ್ಯಾಟ್ ಎಂದು ಕರೆಯುವ ಕ್ಯಾಟಲಿಟಿಕ್ ಕನ್ವರ್ಟರಿಗೆ, ಆಮೇಲೆ ರೆಸೊನೇಟರ್ ದಾಟಿ ಸೈಲೆನ್ಸರಿಗೆ ಬರುತ್ತದೆ. ಕ್ಯಾಟ್‌ನ ಹಿಂದುಮುಂದೆ ಆಕ್ಸಿಜನ್ ಸೆನ್ಸರುಗಳಿರುತ್ತವೆ. ಮನೆಯಲ್ಲಿ ಮಾಡುವ ಕೆಲಸ ಕ್ಯಾಟ್ ಮುಗಿದ ಮೇಲಿನ ಜೋಡಣೆಯಿಂದಲೇ ಶುರುವಾಗಬೇಕು. ಕ್ಯಾಟ್‌ಗಿಂತ ಎಂಜಿನ್ ಕಡೆಗಿರುವ ಭಾಗ ಬಿಚ್ಚಿ, ಕೂಡಿಸುವಾಗ ಒಂದು ಸಣ್ಣ ಸಂದು ಉಳಿದರೂ ಹೊರಗಿನ ಗಾಳಿ ಒಳನುಗ್ಗುತ್ತದೆ. ಸೆನ್ಸರ್ ತಪ್ಪು ಓದುತ್ತದೆ. ಎಂಜಿನ್ನಿನ ಕಂಪ್ಯೂಟರ್ ಬೇಡದ ಪೆಟ್ರೋಲ್ ಸುರಿಯುತ್ತದೆ.

ಕ್ಯಾಟ್ ತೆಗೆದು ಬರೀ ಪೈಪ್ ಹಾಕಿಸಿಕೊಂಡರೆ ಗಾಡಿ ಹಾರುತ್ತದೆ ಎನ್ನುವ ಮಾತನ್ನು ನಂಬಬೇಡಿ. ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೇಪಿಸಿದ ಆ ಜಾಲರಿ ಕಾರ್ಬನ್ ಮಾನಾಕ್ಸೈಡ್, ಉರಿಯದೆ ಉಳಿದ ಇಂಧನ, ಸಾರಜನಕದ ಆಕ್ಸೈಡುಗಳನ್ನು ಮುರಿದು ಇಂಗಾಲದ ಡೈಆಕ್ಸೈಡ್, ನೀರಾವಿ, ಸಾರಜನಕವಾಗಿ ಹೊರಗೆ ಕಳಿಸುತ್ತದೆ. ನಮ್ಮ ದೇಶದಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಇದು ಕಡ್ಡಾಯವಾಯಿತು. ಸೀಸವಿಲ್ಲದ ಪೆಟ್ರೋಲ್ ಬಂದದ್ದೂ ಅದರ ಜೊತೆಗೇ, ಏಕೆಂದರೆ ಸೀಸ ಕ್ಯಾಟನ್ನು ಕೊಲ್ಲುತ್ತದೆ. ಶುದ್ಧ ಗಾಳಿಯ ಬೆಲೆಯನ್ನು ನಮ್ಮ ಯಾದಗಿರಿ ಜಿಲ್ಲೆಯ ಕಡೇಚೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶದ ಕೆಮಿಕಲ್ ಫ್ಯಾಕ್ಟರಿಗಳ ದುರ್ವಾಸನೆಯ ಬಗ್ಗೆ ಸುತ್ತಲಿನ ಹಳ್ಳಿಗಳು ದೂರುತ್ತಲೇ ಬಂದಿವೆ. ಗಾಳಿ ಕೆಟ್ಟರೆ ಏನಾಗುತ್ತದೆಂದು ಮೂಗಿನಿಂದಲೇ ಬಲ್ಲ ಊರಿನಲ್ಲಿ ಕ್ಯಾಟ್ ಇಲ್ಲದ ಕಾರು ಓಡಿಸುವುದು ನನಗೆ ಸಹಿಸಲಾಗದ ಸಂಗತಿ.

ಇನ್ನು ಪವರ್ ವಿಚಾರ. ಟರ್ಬೊ ಇಲ್ಲದ 1.2 ಲೀಟರ್ ಎಂಜಿನ್ನಿಗೆ ಹಿಂಭಾಗದ ಪೈಪ್ ಬದಲಿಸಿದರೆ ಒಂದೆರಡು ಅಶ್ವಶಕ್ತಿ ಸಿಕ್ಕರೆ ಹೆಚ್ಚು. ಓಡಿಸುವವರಿಗೆ ಅದು ತಿಳಿಯುವುದೂ ಕಷ್ಟ. ಪೈಪ್ ದಪ್ಪವಾದಷ್ಟೂ ಒಳ್ಳೆಯದೆಂದು ಎರಡೂವರೆ ಇಂಚಿನದ್ದು ತಂದರೆ ಹೊಗೆಯ ವೇಗ ಇಳಿಯುತ್ತದೆ, ಕಡಿಮೆ ಆರ್‌ಪಿಎಂನಲ್ಲಿ ಎಳೆತ ಸಾಯುತ್ತದೆ. ಕಂಪನಿಯದಕ್ಕಿಂತ ಕಾಲು ಇಂಚು ಹೆಚ್ಚಿದ್ದರೆ ಧಾರಾಳವಾಯಿತು.

ಹಾಗಾದರೆ ಸಿಗುವುದು ದನಿ. ನಾಲ್ಕು ಸಿಲಿಂಡರಿನ ಎಂಜಿನ್ 3000 ಆರ್‌ಪಿಎಂನಲ್ಲಿ ಸೆಕೆಂಡಿಗೆ 100 ಸಲ ಸಿಡಿಯುತ್ತದೆ. ಮೂರು ಸಿಲಿಂಡರಿನದು 75 ಸಲ. ಈ ಮಂದ್ರ ನಾದವೇ ಸೊಗಸು, ಕಾಟವೂ ಅದೇ. ಯಾದಗಿರಿ-ರಾಯಚೂರು ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಕಾರಿನ ಒಳಗೆ ಗುಂಯ್ ಎಂದು ತಲೆ ಹಿಡಿಯುವುದು ಇದರಿಂದಲೇ. ರೆಸೊನೇಟರ್ ಕತ್ತರಿಸಿ ಹಾಕಿದವರಿಗೆ ಈ ಗುಂಯ್‌ಗುಡುವಿಕೆ ತಪ್ಪುವುದಿಲ್ಲ. ಒಳ್ಳೆಯ ಎಗ್ಸಾಸ್ಟ್ ನುರಿತ ಕೈಯಲ್ಲಿನ ಡಗ್ಗಾದಂತೆ ಆಳದಿಂದ ತುಂಬಿ ಬರಬೇಕು, ಕಿರುಚಬಾರದು. ಕೊಳ್ಳುವಾಗ ಬೆಸುಗೆಯನ್ನು ಒಳಗಿನಿಂದಲೂ ನೋಡಿ. ಸ್ಟೇನ್‌ಲೆಸ್ ಸ್ಟೀಲಿಗೆ ಆರ್ಗಾನ್ ವೆಲ್ಡಿಂಗೇ ಆಗಬೇಕು. ಒಳಗೆ ಕಪ್ಪಗೆ ಉಬ್ಬಿದ ಹಕ್ಕಳೆ ಇದ್ದರೆ ಬಿಟ್ಟುಬಿಡಿ. ರೈಲ್ವೆ ಬೋಗಿ ಕಾರ್ಖಾನೆ ಇರುವ ಊರು ಕಡೇಚೂರು. ಅಲ್ಲಿ ಬೆಸುಗೆ ಬಲ್ಲವರು ಸಿಕ್ಕರೆ ಕೊಳ್ಳುವ ಮೊದಲು ಒಮ್ಮೆ ತೋರಿಸಿ.

ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಭಯ ಅಂಗಳದ ಫರಸಿಯದು. ನಮ್ಮ ಕಡೆ ಎಲ್ಲೆಡೆ ಶಹಾಬಾದ್ ಕಲ್ಲು. ಮರಳು ಹರಡಿ ಮೇಲೆ ಕೂಡಿಸಿದ ಆ ತೆಳು ಹಾಸಿನ ಮೇಲೆ ಜಾಕ್ ಸ್ಟ್ಯಾಂಡ್ ಇಟ್ಟರೆ ಕಾರಿನ ಭಾರವೆಲ್ಲ ಮೂರು ನಾಲ್ಕು ಕಾಲುಗಳ ಮೇಲೆ ನಿಂತು ಕಲ್ಲು ಸೀಳುತ್ತದೆ, ಕೆಳಗೆ ಮನುಷ್ಯ ಇರುತ್ತಾನೆ. ಗಟ್ಟಿ ಕಾಂಕ್ರೀಟ್ ಇರುವಲ್ಲಿ ಮಾಡಿ. ಇಲ್ಲದಿದ್ದರೆ ಕೂಡಿಸುವ ಕೆಲಸವನ್ನು ರ‍್ಯಾಂಪ್ ಇರುವ ಗ್ಯಾರೇಜಿಗೆ ಬಿಡಿ. ಬರೀ ಜಾಕಿನ ನಂಬಿಕೆಯ ಮೇಲೆ, ಇಟ್ಟಿಗೆಯ ಆಸರೆಯ ಮೇಲೆ ಯಾರೂ ಕಾರಿನಡಿ ಹೋಗಬೇಡಿ. ಮುಂದಿನ ಗಾಲಿಗಳಿಗೆ ಎರಡೂ ಕಡೆ ಅಡ್ಡ ಕೊಡಿ.

ಹಿಂದಿನ ರಾತ್ರಿಯೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಬೇಸಿಗೆಯಲ್ಲಿ ಕೆಲಸ ನಸುಕಿನಲ್ಲೇ ಮುಗಿಯಲಿ. ಮಧ್ಯಾಹ್ನ ಎಂಜಿನ್ ಚಾಲೂ ಮಾಡದಿದ್ದರೂ ಕಬ್ಬಿಣ ಕೈ ಸುಡುತ್ತದೆ. ಜಡಿದ ನಟ್ಟಿಗೆ ಗ್ಯಾಸ್ ಬೆಂಕಿ ಹಿಡಿಯಲೇಬಾರದು, ಪೆಟ್ರೋಲ್ ಟ್ಯಾಂಕ್ ಪಕ್ಕದಲ್ಲೇ ಇರುತ್ತದೆ. ಕಣ್ಣಿಗೆ ಕನ್ನಡಕ ಇರಲಿ. ಸೈಲೆನ್ಸರ್ ತೂಗುವ ರಬ್ಬರುಗಳಿಗೆ ಸಾಬೂನು ನೀರು ಸವರಿದರೆ ಜಾರಿ ಬರುತ್ತವೆ. ಗ್ಯಾಸ್ಕೆಟ್ ಹೊಸದೇ ಹಾಕಿ. ಹೊಸ ಪೈಪನ್ನು ಮೊದಲು ಸಡಿಲವಾಗಿ ತೂಗಿಸಿ, ಎಲ್ಲಿಯೂ ತಾಗುತ್ತಿಲ್ಲವೆಂದು ನೋಡಿ, ಆಮೇಲೆ ಮುಂದಿನ ಜೋಡಣೆಯಿಂದ ಹಿಂದಕ್ಕೆ ಒಂದೊಂದೇ ಬಿಗಿಯುತ್ತ ಬನ್ನಿ. ಇಂಧನದ ಪೈಪಿನಿಂದ ಕನಿಷ್ಠ 35 ಮಿಲಿಮೀಟರ್ ದೂರವಿರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಬಯಲಿನಲ್ಲಿ ಚಾಲೂ ಮಾಡಿ, ಜೋಡಣೆಗಳಿಗೆ ಸಾಬೂನು ನೀರು ಹಾಕಿ; ಗುಳ್ಳೆ ಎದ್ದರೆ ಸೋರುತ್ತಿದೆ ಎಂದರ್ಥ. ಕೆಲವು ದಿನ ಓಡಿಸಿ, ತಣ್ಣಗಾದ ಮೇಲೆ ಮತ್ತೊಮ್ಮೆ ಪಾನಾ ಹಾಕಿ.

ಕಾನೂನಿನ ಮಾತನ್ನು ಮುಚ್ಚಿಡಲಾರೆ. ತಯಾರಕರು ಕೊಟ್ಟ ಮೂಲ ರೂಪಕ್ಕೆ ವ್ಯತ್ಯಾಸವಾಗುವಂತೆ ವಾಹನ ಬದಲಿಸಬಾರದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಂತೆ ಮೊದಲ ಸಲವೇ 10,000 ರೂಪಾಯಿವರೆಗೆ ದಂಡ ಇಲ್ಲವೇ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹತೆ. ವಸತಿ ಪ್ರದೇಶದಲ್ಲಿ ರಾತ್ರಿಯ ಶಬ್ದದ ಮಿತಿ 45 ಡೆಸಿಬಲ್. ಅಬ್ಬರದ ಪೈಪೇ ಬೇಕೆನ್ನುವವರಿಗೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇದೆ, ಚೆನ್ನೈ ಬಳಿ ಇರುಂಗಾಟುಕೋಟೈ ಟ್ರ್ಯಾಕ್ ಇದೆ. ಊರ ರಸ್ತೆಗೆ ಕಂಪನಿಯ ಸೈಲೆನ್ಸರಿಗಿಂತ ಹೆಚ್ಚು ಸದ್ದು ಮಾಡದ, ದನಿಯಲ್ಲಿ ಮಾತ್ರ ಆಳವಾದದ್ದನ್ನೇ ಆರಿಸಿ. ತೆಗೆದ ಹಳೆಯ ಸೈಲೆನ್ಸರನ್ನು ಗುಜರಿಗೆ ಕೊಡಬೇಡಿ, ಬೋಲ್ಟುಗಳ ಸಮೇತ ಕಟ್ಟಿಡಿ. ಆರ್‌ಟಿಒ ತಪಾಸಣೆಗೂ ವಾರಂಟಿ ಕೆಲಸಕ್ಕೂ ಕಾರು ಮಾರುವ ದಿನಕ್ಕೂ ಅದು ಬೇಕಾಗುತ್ತದೆ.