‘ಕಬ್ಬಿಣದ ಮನುಷ್ಯ’ನ ಪಕ್ಕದಲ್ಲಿ ನಿಂತ ಕುಡುಕ

ಪೋಲೆಂಡಿನ ನಿರ್ದೇಶಕ ಆಂಜೆಯ್ ವಾಯ್ದಾ ಅವರ ‘ಕಬ್ಬಿಣದ ಮನುಷ್ಯ’ ಚಲನಚಿತ್ರವನ್ನು ನಾನು ಮೊದಲು ನೋಡಿದ್ದು ಗುರುಮಠದಲ್ಲಿ, ವಿಡಿಯೋ ಕ್ಯಾಸೆಟ್ಟಿನಲ್ಲಿ. ಸರ್ವಾಧಿಕಾರಕ್ಕೆ ಎದುರಾಗಿ ನಿಂತ ಕಾರ್ಮಿಕರನ್ನೂ ಅವರ ಪ್ರಾರ್ಥನೆಯನ್ನೂ ಕಂಡು ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು. ಇತ್ತೀಚೆಗೆ ಮತ್ತೊಮ್ಮೆ ನೋಡಿದೆ. ಈ ಸಲ ಚಪ್ಪಾಳೆಗೆ ಕೈ ಏಳಲಿಲ್ಲ. ಆದರೂ ಚಿತ್ರ ಅಂದಿಗಿಂತ ದೊಡ್ಡದಾಗಿ ಕಂಡಿತು.

ಹಿನ್ನೆಲೆ ನಿಮಗೆ ನೆನಪಿರಬಹುದು. 1980ರ ಜುಲೈಯಲ್ಲಿ ಪೋಲೆಂಡಿನ ಸರ್ಕಾರ ಮಾಂಸದ ಬೆಲೆ ಏರಿಸಿತು. ಆಗಸ್ಟ್ 7ರಂದು ಗ್ಡಾನ್ಸ್ಕ್ ನಗರದ ಲೆನಿನ್ ಹಡಗುಕಟ್ಟೆಯಲ್ಲಿ ಆನಾ ವಾಲೆಂಟಿನೋವಿಚ್ ಎಂಬ ಕ್ರೇನ್ ಚಾಲಕಿಯನ್ನು, ನಿವೃತ್ತಿಗೆ ಐದೇ ತಿಂಗಳಿರುವಾಗ, ಕೆಲಸದಿಂದ ತೆಗೆದುಹಾಕಲಾಯಿತು. 14ರಂದು ಮುಷ್ಕರ ಆರಂಭವಾಯಿತು. 31ರಂದು ಸರ್ಕಾರ 21 ಬೇಡಿಕೆಗಳ ಒಪ್ಪಂದಕ್ಕೆ ಸಹಿ ಹಾಕಿತು. ಆ ಬಿಸಿ ಆರುವ ಮುನ್ನವೇ ತಯಾರಾದ ಈ ಚಿತ್ರಕ್ಕೆ 1981ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಸಂದಿತು.

ಕಥೆಯ ನಾಯಕ ಮುಷ್ಕರದ ಮುಂದಾಳು ಮಾಚೆಕ್. ಆದರೆ ಕಥೆ ನಮಗೆ ತಲುಪುವುದು ವಿಂಕೆಲ್ ಎಂಬ ರೇಡಿಯೋ ಪತ್ರಕರ್ತನ ಮೂಲಕ. ಈತ ಕುಡುಕ, ಹೇಡಿ, ಮೇಲಿನವರ ಹಿಡಿತದಲ್ಲಿರುವವನು. ಮಾಚೆಕ್‌ನ ಹೆಸರಿಗೆ ಮಸಿ ಬಳಿಯಲು ಬೇಕಾದ ಸರಕನ್ನು ಸಂಗ್ರಹಿಸಲೆಂದು ಈತನನ್ನು ಗ್ಡಾನ್ಸ್ಕ್‌ಗೆ ಅಟ್ಟಲಾಗಿದೆ. ಊರಿನಲ್ಲಿ ಮದ್ಯ ಮಾರಾಟ ನಿಷಿದ್ಧ. ಹೋಟೆಲಿನ ಸ್ನಾನದ ಕೋಣೆಯಲ್ಲಿ ಆತನ ಬಳಿಯಿದ್ದ ವೋಡ್ಕಾ ಬಾಟಲಿ ಒಡೆಯುತ್ತದೆ. ಆತ ನೆಲದ ಮೇಲೆ ಚೆಲ್ಲಿದ್ದನ್ನು ಟವೆಲಿನಿಂದ ಹೀರಿಸಿ, ಹಿಂಡಿ, ಕುಡಿಯುತ್ತಾನೆ. ನಿರಂಕುಶ ಪ್ರಭುತ್ವ ಮನುಷ್ಯನನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆಂಬುದನ್ನು ಯಾವ ಭಾಷಣವೂ ಹೀಗೆ ಹೇಳಲಾರದು. ಗುರುಮಠದಲ್ಲಿ ಈ ದೃಶ್ಯಕ್ಕೆ ನಾವು ನಕ್ಕಿದ್ದೆವು ಎಂಬುದನ್ನು ನೆನೆದರೆ ನಾಚಿಕೆಯಾಗುತ್ತದೆ.

ಚಿತ್ರದ ಇನ್ನೊಂದು ಬಲ, ಅದು ಗೆಲುವಿಗಿಂತ ಹಿಂದಿನ ಸೋಲುಗಳನ್ನು ಕೆದಕುವುದು. 1968ರ ಮಾರ್ಚಿನಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದಾಗ ಕಾರ್ಮಿಕರು ಜೊತೆಗೂಡಲಿಲ್ಲ. 1970ರ ಡಿಸೆಂಬರಿನಲ್ಲಿ ಕಾರ್ಮಿಕರ ಮೇಲೆ ಗುಂಡು ಹಾರಿದಾಗ ವಿದ್ಯಾರ್ಥಿಗಳು ಹೊರಬರಲಿಲ್ಲ. ವಾಯ್ದಾ ಈ ಇತಿಹಾಸವನ್ನು ಒಂದೇ ಮನೆಯೊಳಗೆ ತರುತ್ತಾರೆ. ಮೊದಲ ಸಲ ತಂದೆ ಬಿರ್ಕುಟ್ ಮಗನ ಮೊರೆಗೆ ಓಗೊಡುವುದಿಲ್ಲ. ಎರಡನೆಯ ಸಲ ಮಗ ತಂದೆಯ ಜೊತೆಗೆ ಹೋಗುವುದಿಲ್ಲ, ತಂದೆ ಹತನಾಗುತ್ತಾನೆ. ಪ್ರಭುತ್ವದ ಬಂದೂಕಿಗಿಂತ ಅದು ಬಿತ್ತಿದ ಸಂಶಯವೇ ಹೆಚ್ಚು ಕೆಲಸ ಮಾಡಿತ್ತು.

ಇಷ್ಟು ಬಲ್ಲ ನಿರ್ದೇಶಕರು ಮಾಚೆಕ್‌ನನ್ನು ಮಾತ್ರ ಕಳಂಕವಿಲ್ಲದ ವಿಗ್ರಹವಾಗಿಸಿದ್ದಾರೆ. ವಾಸ್ತವದಲ್ಲಿ ಆಗಸ್ಟ್ 16ರಂದು ಆಡಳಿತ ಸಂಬಳ ಹೆಚ್ಚಿಸಿದೊಡನೆ ಮುಷ್ಕರ ಮುಗಿಯಿತೆಂದು ಕಾರ್ಮಿಕರು ಮನೆಗೆ ಹೊರಟಿದ್ದರು. ಬಾಗಿಲಿಗೆ ಓಡಿ, ಇತರ ಕಾರ್ಖಾನೆಗಳವರನ್ನು ಕೈಬಿಡಬೇಡಿರೆಂದು ತಡೆದವರಲ್ಲಿ ಮುಂದಿದ್ದವರು ವಾಲೆಂಟಿನೋವಿಚ್, ಅಲಿನಾ ಪಿಯೆಂಕೋವ್ಸ್ಕಾ ಮೊದಲಾದ ಮಹಿಳೆಯರು. ಚಿತ್ರದ ಭಾರವೆಲ್ಲ ವೀರಪುತ್ರನೊಬ್ಬನ ಹೆಗಲ ಮೇಲೆ ಬಿದ್ದುದರಿಂದ ಈ ಗಳಿಗೆಗೆ ಸಲ್ಲಬೇಕಾದ ತೂಕ ಸಲ್ಲಲಿಲ್ಲ.

ಧರ್ಮಸಭೆಯ ಚಿತ್ರಣದಲ್ಲಿಯೂ ನನಗೆ ಇದೇ ತಕರಾರು. ಬಲಿಪೂಜೆ, ಹೂಗಳು, ವಿಶ್ವಗುರುಗಳ ಭಾವಚಿತ್ರ, ಎಲ್ಲವೂ ಕಣ್ಣಿಗೆ ಇಂಪು. ಆದರೆ ಆಗಸ್ಟ್ 26ರಂದು ಯಾಸ್ನಾ ಗೂರಾದ ಪುಣ್ಯಕ್ಷೇತ್ರದಲ್ಲಿ ಕಾರ್ಡಿನಲ್ ವಿಶಿನ್ಸ್ಕಿಯವರು ನೀಡಿದ ಪ್ರಬೋಧನೆ ಸಂಯಮವನ್ನು ಬೋಧಿಸಿತ್ತು. ಸರ್ಕಾರ ಅದನ್ನು ಕತ್ತರಿಸಿ ದೂರದರ್ಶನದಲ್ಲಿ ಬಿತ್ತರಿಸಿತು. ಕೆಲಸಕ್ಕೆ ಮರಳಿರೆಂಬ ಕರೆಯಂತೆ ಅದು ಕೇಳಿಸಿತು. ಕಾರ್ಮಿಕರು ಮರಳಲಿಲ್ಲ. ರಕ್ತಪಾತಕ್ಕೆ ಅಂಜಿದ ವೃದ್ಧ ಕುರಿಪಾಲಕರೊಬ್ಬರ ಸಂಕಟ, ಅವರನ್ನು ಗೌರವಿಸುತ್ತಲೇ ಅವರ ಮಾತನ್ನು ಮೀರಿದ ಭಕ್ತಜನ: ಇದಕ್ಕಿಂತ ದೊಡ್ಡ ನಾಟಕ ಬೇಕೆ? ಅಲಂಕಾರವಾಗಿ ನಿಂತ ಧರ್ಮಸಭೆಗಿಂತ ತಡವರಿಸಿದ ಧರ್ಮಸಭೆಯೇ ನನಗೆ ಹೆಚ್ಚು ಪರಿಚಿತ.

ಮಾಚೆಕ್‌ನ ವಿವಾಹದ ದೃಶ್ಯದಲ್ಲಿ ಲೆಕ್ ವಲೇಸಾ ಸ್ವತಃ ಸಾಕ್ಷಿಯಾಗಿ ನಿಂತಿದ್ದಾರೆ. 1970ರ ದಶಕದಲ್ಲಿ ಅವರು ಗುಪ್ತ ಪೊಲೀಸರಿಗೆ ಮಾಹಿತಿ ನೀಡುತ್ತಿದ್ದರೆಂದು ಸೂಚಿಸುವ ಕಡತಗಳು 2016ರಲ್ಲಿ ಮಾಜಿ ಗೃಹಮಂತ್ರಿಯ ಮನೆಯಲ್ಲಿ ದೊರೆತವು. ಮರುವರ್ಷ ತಜ್ಞರು ಆ ಕೈಬರಹ ವಲೇಸಾರದೇ ಎಂದರು. ಅವರು ನಿರಾಕರಿಸಿದ್ದಾರೆ, 2000ದಲ್ಲಿ ನ್ಯಾಯಾಲಯವೊಂದು ಅವರ ಪರವಾಗಿ ತೀರ್ಪಿತ್ತಿದ್ದೂ ಉಂಟು. ನಮ್ಮವರೂ ಹೊರತಲ್ಲ. ಗುಪ್ತ ಪೊಲೀಸರೊಡನೆ ನಂಟಿದ್ದುದು ಬಯಲಾಗಿ ವಾರ್ಸಾದ ಮಹಾಧರ್ಮಾಧ್ಯಕ್ಷ ಸ್ತಾನಿಸ್ವಾವ್ ವಿಯೆಲ್ಗುಸ್ 2007ರ ಜನವರಿ 7ರಂದು ರಾಜೀನಾಮೆಯಿತ್ತರು. ಹಡಗುಕಟ್ಟೆಯಲ್ಲಿ ಮುಷ್ಕರನಿರತರಿಗಾಗಿ ಬಲಿಪೂಜೆ ಅರ್ಪಿಸಿದ ಫಾದರ್ ಹೆನ್ರಿಕ್ ಯಾಂಕೋವ್ಸ್ಕಿಯವರ ಮೇಲೆ, ಅವರ ಮರಣಾನಂತರ, ಮಕ್ಕಳ ಮೇಲಿನ ದೌರ್ಜನ್ಯದ ಆರೋಪಗಳು ಬಂದು 2019ರಲ್ಲಿ ಅವರ ಪ್ರತಿಮೆಯನ್ನು ಕೆಳಗಿಳಿಸಲಾಯಿತು.

ಇವೆಲ್ಲವನ್ನೂ ಬಲ್ಲ ಕಣ್ಣಿಗೆ ಮಾಚೆಕ್ ಮಂಕಾಗುತ್ತಾನೆ, ವಿಂಕೆಲ್ ಬೆಳೆಯುತ್ತಾನೆ. ತಾನು ಯಾರ ಕೈಗೊಂಬೆಯೆಂದು ಬಲ್ಲವನು, ಆ ಅರಿವಿನಿಂದ ಒದ್ದಾಡುವವನು ಇಡೀ ಚಿತ್ರದಲ್ಲಿ ಆತನೊಬ್ಬನೇ. ಪಾಪನಿವೇದನೆಯ ಪೀಠದಲ್ಲಿ ಕುಳಿತು ಇಷ್ಟು ವರ್ಷ ನಾನು ಆಲಿಸಿದ ದನಿಗಳೂ ಹೆಚ್ಚಾಗಿ ವಿಂಕೆಲ್‌ನವೇ.

ಚಿತ್ರದ ಕೊನೆಯಲ್ಲಿ ಅಧಿಕಾರಿಯೊಬ್ಬ ವಿಂಕೆಲ್‌ಗೆ ಹೇಳುತ್ತಾನೆ, ಬಲವಂತಕ್ಕೆ ಮಣಿದು ಸಹಿ ಹಾಕಿದ ಒಪ್ಪಂದಕ್ಕೆ ಬೆಲೆಯಿಲ್ಲ, ಅದು ಬರಿಯ ಕಾಗದ ಎಂದು. ಅದು ಚಿತ್ರದ ಮಾತಾಗಿ ಉಳಿಯಲಿಲ್ಲ. 1981ರ ಡಿಸೆಂಬರ್ 13ರಂದು ಜನರಲ್ ಯಾರುಜೆಲ್ಸ್ಕಿ ಸೈನಿಕ ಕಾನೂನು ಸಾರಿದರು. ಸಾವಿರಾರು ಜನ ಬಂಧನಕ್ಕೊಳಗಾದರು, ಚಿತ್ರಕ್ಕೂ ನಿಷೇಧ ಬಿತ್ತು. ಸರ್ಕಾರ ಅದೇ ಜನರೊಡನೆ ದುಂಡುಮೇಜಿನ ಸುತ್ತ ಮತ್ತೆ ಕುಳಿತದ್ದು 1989ರ ಫೆಬ್ರುವರಿಯಲ್ಲಿ.